ಜಪದಲ್ಲಿ ಬೆಳಕು ಕಂಡರೆ, ನಾದ ಕೇಳಿದರೆ ಅದನ್ನು ಏನೆಂದು ಎಣಿಸಬೇಕು?

ಪಯಸ್ವಿನಿ (ಮುಳ್ಳೇರಿಯ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಕಡೆ ನಾಮಜಪದ ಕೂಟಗಳಿಗೆ ಬರಗಾಲ ಇಲ್ಲ. ಕಾಞಂಗಾಡಿನ ಆನಂದಾಶ್ರಮದಿಂದ ಹಬ್ಬಿದ ‘ಓಂ ಶ್ರೀರಾಮ್ ಜಯ ರಾಮ್ ಜಯ ಜಯ ರಾಮ್’ ಹಿಡಿದವರು ಬಹಳ ಮಂದಿ. ಜಪ ಮುಗಿದು ಕಾಲು ಚಾಚಿ ಕೂತ ಕೂಡಲೇ ಏಳುವ ತರ್ಕ ಮಾತ್ರ ಎಲ್ಲಿ ಹೋದರೂ ಅದೇ. ಒಬ್ಬರು ‘ನಂಬಿದರೆ ಸಾಕು, ಕಾಣುವುದು ಕೇಳುವುದು ಯಾಕೆ’ ಎನ್ನುತ್ತಾರೆ. ಇನ್ನೊಬ್ಬರು ‘ಸ್ವಂತಕ್ಕೆ ಅನುಭವ ಆಗದ್ದನ್ನು ನಂಬುವುದು ಕುರುಡುತನ’ ಎನ್ನುತ್ತಾರೆ. ಕಾಲೇಜಿಗೆ ಹೋಗುವ ಮಕ್ಕಳು ‘ಎಲ್ಲ ಮೆದುಳಿನ ಆಟ’ ಎಂದು ಮೊಬೈಲಿಗೆ ತಿರುಗುತ್ತಾರೆ.

ಕೂಟಗಳಲ್ಲಿ ಜನ ಹೇಳಿಕೊಳ್ಳುವುದು ಹೆಚ್ಚು ಕಡಿಮೆ ಇವನ್ನೇ: ಕಣ್ಣು ಮುಚ್ಚಿ ಅರ್ಧ ಗಂಟೆ ಕಳೆದ ಮೇಲೆ ಹುಬ್ಬುಗಳ ನಡುವೆ ನೀಲಿ ಅಥವಾ ಬಿಳಿ ಬೆಳಕು, ಕಿವಿಯಲ್ಲಿ ಜೀರುಂಡೆಯ ಹಾಗೆ ನಾದ, ಕೈಕಾಲು ಇಲ್ಲವೇ ಇಲ್ಲ ಅನ್ನಿಸುವುದು, ಬೆನ್ನ ಹಿಂದೆ ಯಾರೋ ನಿಂತ ಹಾಗೆ ತೋರುವುದು.

ಇದರಲ್ಲಿ ಶರೀರದ್ದು ಎಷ್ಟು? ಶಾಸ್ತ್ರ ಅನುಭವವನ್ನು ಪ್ರಮಾಣ ಎಂದು ಒಪ್ಪುತ್ತದೋ? ಒಪ್ಪಿದರೆ ಯಾವ ಅನುಭವವನ್ನು? ನಂಬಿಕೆಗೆ ಜಾಗ ಎಲ್ಲಿ, ಪರೀಕ್ಷೆಗೆ ಜಾಗ ಎಲ್ಲಿ? ಮನೆಯಲ್ಲಿ ಕೂತೇ ಮಾಡಬಹುದಾದ ಪರೀಕ್ಷೆ ಇದ್ದರೆ ಬಿಡಿಸಿ ಬರೆಯಿರಿ. ‘ಗುರುಗಳನ್ನು ಕೇಳಿ’ ಎಂಬ ಒಂದು ಸಾಲಿನ ಉತ್ತರ ದಯವಿಟ್ಟು ಬೇಡ, ಅದು ಗೊತ್ತುಂಟು.

ಮಧುವಾಹಿನಿ (ಮಧೂರು):

ವೇದಾಂತದ ಹಳೇ ಉದಾಹರಣೆಯಿಂದಲೇ ಸುರು ಮಾಡುವ. ಕಡಲ ತೀರದಲ್ಲಿ ಹೊಳೆಯುವ ಚಿಪ್ಪು ನೋಡಿ ಒಬ್ಬ ‘ಇದು ಬೆಳ್ಳಿ’ ಎನ್ನುತ್ತಾನೆ. ಹತ್ತಿರ ಹೋದಾಗ ‘ಬೆಳ್ಳಿ’ ಬಿದ್ದುಹೋಗುತ್ತದೆ, ‘ಇದು’ ಬೀಳುವುದಿಲ್ಲ. ಎದುರಿಗೆ ಹೊಳೆಯುವುದು ಏನೋ ಇತ್ತು ಎಂಬುದು ಮೊದಲೂ ನಿಜ, ಆಮೇಲೂ ನಿಜ. ಶಾಸ್ತ್ರದಲ್ಲಿ ಇದನ್ನು ಇದಮಂಶ ಎಂದು ಬೇರೆ ತೆಗೆದು ಇಡುತ್ತಾರೆ. ಜಪದಲ್ಲಿ ಬೆಳಕು ತೋರಿತು ಎನ್ನುವುದು ಇದಮಂಶ. ಅದು ಆತ್ಮಜ್ಯೋತಿ, ಅದು ರಾಮನ ಕೃಪೆ, ಅದು ಆಜ್ಞಾಚಕ್ರ ಎನ್ನುವುದು ಬೆಳ್ಳಿ. ‘ಮೆದುಳಿನ ಆಟ’ ಎನ್ನುವ ಹುಡುಗರೂ ಬೆಳ್ಳಿಯನ್ನೇ ಹೇಳುತ್ತಿದ್ದಾರೆ, ಲೋಹ ಮಾತ್ರ ಬೇರೆ. ಜಗಳ ಆಗುವುದು ಯಾವಾಗಲೂ ಬೆಳ್ಳಿಯ ಮೇಲೆ. ಇದಮಂಶವನ್ನು ಯಾರೂ ಸರಿಯಾಗಿ ನೋಡಿಯೇ ಇರುವುದಿಲ್ಲ.

ಈಗ ಪ್ರಮಾಣದ ವಿಷಯ. ಮೀಮಾಂಸಕರೂ ಅದ್ವೈತಿಗಳೂ ಸ್ವತಃಪ್ರಾಮಾಣ್ಯ ಒಪ್ಪುವವರು. ಹುಟ್ಟಿದ ಜ್ಞಾನವನ್ನು ಮೊದಲು ಸರಿ ಎಂದೇ ಹಿಡಿಯಬೇಕು, ಪ್ರತಿಯೊಂದಕ್ಕೂ ಸಾಕ್ಷಿ ಕೇಳುತ್ತಾ ಹೋದರೆ ಆ ಸಾಕ್ಷಿಗೂ ಸಾಕ್ಷಿ ಬೇಕಾಗುತ್ತದೆ, ಕೊನೆಯೇ ಇಲ್ಲ. ಆದರೆ ಹಿಡಿದ ಜ್ಞಾನವನ್ನು ಬಿಡಲೇಬೇಕಾದ ಸಂದರ್ಭ ಎರಡು. ಒಂದು, ಆಮೇಲೆ ಬಂದ ಗಟ್ಟಿ ಜ್ಞಾನ ಅದನ್ನು ಹೊಡೆದು ಹಾಕುವುದು, ಇದು ಬಾಧ. ಇನ್ನೊಂದು, ಜ್ಞಾನ ಹುಟ್ಟಿದ ಸಾಧನದಲ್ಲೇ ದೋಷ ಇತ್ತೆಂದು ಗೊತ್ತಾಗುವುದು, ಇದು ಕಾರಣದೋಷ. ಕಾಮಾಲೆಯಾದವನಿಗೆ ಶಂಖ ಹಳದಿ ಕಾಣುವುದು ಇದಕ್ಕೆ ಶಾಸ್ತ್ರದವರು ಕೊಡುವ ಮಾದರಿ. ನೀವು ಕೇಳಿದ ಮನೆಯ ಪರೀಕ್ಷೆ ಎಂದರೆ ಈ ಎರಡೇ. ನಿದ್ದೆ, ಜ್ವರ, ಉಪವಾಸ, ಉಸಿರಿನ ಏರುಪೇರು, ಮೊದಲೇ ಕೇಳಿದ ಕಥೆ, ‘ಕಾಣಲೇಬೇಕು’ ಎಂಬ ಆಸೆ ಇವೆಲ್ಲ ಸಾಧನದ ದೋಷದ ಬಾಬ್ತು. ಶರೀರದ ಸಂಗತಿ ಬಲ್ಲವರು ಅದನ್ನು ಬರೆಯಲಿ.

ಅನುಭವ ಪ್ರಮಾಣವೋ ಎಂದರೆ, ಹೌದು. ಬ್ರಹ್ಮಸೂತ್ರದ ಎರಡನೇ ಸೂತ್ರದ ಭಾಷ್ಯದಲ್ಲೇ ಶಂಕರರು ಧರ್ಮಕ್ಕೂ ಬ್ರಹ್ಮಕ್ಕೂ ಗೆರೆ ಎಳೆಯುತ್ತಾರೆ. ಧರ್ಮದ ವಿಷಯದಲ್ಲಿ ಶ್ರುತಿಯೇ ಗತಿ, ಏಕೆಂದರೆ ಯಾಗದ ಫಲ ಈಗ ಕಣ್ಣಿಗೆ ಕಾಣುವುದಲ್ಲ. ಬ್ರಹ್ಮದ ವಿಷಯದಲ್ಲಿ ಶ್ರುತಿಯ ಜೊತೆಗೆ ಅನುಭವಾದಿಗಳೂ ಸಂಭವವಿದ್ದಷ್ಟು ಪ್ರಮಾಣ, ಏಕೆಂದರೆ ಆ ಜ್ಞಾನ ಇರುವ ವಸ್ತುವಿನ ಕುರಿತಾದ್ದು, ಅನುಭವದಲ್ಲೇ ಮುಗಿಯುವಂಥದ್ದು. ಗೀತಾಭಾಷ್ಯದ ಕೊನೆಯ ಅಧ್ಯಾಯದಲ್ಲಿ ಇನ್ನೂ ಖಡಕ್ಕಾಗಿ ಹೇಳುತ್ತಾರೆ: ಬೆಂಕಿ ತಣ್ಣಗಿದೆ ಎಂದು ನೂರು ಶ್ರುತಿ ಹೇಳಿದರೂ ಅದು ಪ್ರಮಾಣ ಆಗುವುದಿಲ್ಲ.

ಇದನ್ನು ಓದಿ ‘ನೋಡಿ, ನಮಗೆ ಕಂಡ ಬೆಳಕಿಗೆ ಆಚಾರ್ಯರ ಮುದ್ರೆ ಬಿತ್ತು’ ಎಂದು ಹಾರುವವರು ಇದ್ದಾರೆ. ಅಲ್ಲೇ ಎಡವುವುದು. ಆ ಅನುಭವ ಎಂದರೆ ಸಂಜೆ 6ಕ್ಕೆ ಬಂದು 6.10ಕ್ಕೆ ಹೋಗುವ ಘಟನೆ ಅಲ್ಲ. ಬಂದು ಹೋದದ್ದು ಎಷ್ಟೇ ಸುಂದರ ಇರಲಿ, ಅದು ದೃಶ್ಯ, ಕಾಣಿಸಿಕೊಂಡ ವಸ್ತು. ಅದು ಬಂದದ್ದನ್ನೂ ಹೋದದ್ದನ್ನೂ ಅರಿತದ್ದು ಯಾವುದು ಎಂಬುದು ವೇದಾಂತದ ಪ್ರಶ್ನೆ. ಹಾಗಾಗಿ ಒಂದು ಬೆಳಕು ಶರೀರದ ಎಲ್ಲ ಪರೀಕ್ಷೆ ಪಾಸಾದರೂ ಅದ್ವೈತದ ಲೆಕ್ಕದಲ್ಲಿ ಅದು ಗುರಿ ಅಲ್ಲ.

ಅಭ್ಯಾಸದಲ್ಲಿ ತಪ್ಪುವುದು ಎಲ್ಲಿ ಎಂಬುದನ್ನು ಗೌಡಪಾದರ ಕಾರಿಕೆಯಿಂದ ಹಿಡಿದು ನಾಲ್ಕು ಹೆಸರಿನಲ್ಲಿ ಗುರುತಿಸಿದ್ದಾರೆ: ಲಯ, ವಿಕ್ಷೇಪ, ಕಷಾಯ, ರಸಾಸ್ವಾದ. ಚಿತ್ತ ಚದುರುವ ವಿಕ್ಷೇಪ ಎಲ್ಲರಿಗೂ ಗೊತ್ತು, ಹಳೇ ವಾಸನೆ ಒಳಗೇ ಕಲ್ಲಾಗಿ ಕೂರುವ ಕಷಾಯ ತಿಳಿಯುವುದೇ ನಿಧಾನ. ದಿನನಿತ್ಯ ಮೋಸ ಮಾಡುವವು ಮೊದಲನೆಯದೂ ಕೊನೆಯದೂ. ಲಯ ಎಂದರೆ ಮನಸ್ಸು ನಿದ್ದೆಯ ಕಡೆ ಜಾರುವುದು; ಎದ್ದ ಮೇಲೆ ‘ಸಮಾಧಿ ಆಯಿತು’ ಎಂದು ತೋರುವುದು ಸಾಮಾನ್ಯವಾಗಿ ಇದೇ. ಗುರುತು ಸುಲಭ: 108 ಮಣಿ ದಾಟಿ ಬೆರಳು ಮಾಲೆಯ ತಲೆಮಣಿಯಾದ ಮೇರುವಿಗೆ ಮುಟ್ಟಿದ್ದು ಗೊತ್ತೇ ಆಗದಿದ್ದರೆ, ಅಥವಾ ಮಣಿ ಓಡುತ್ತಾ ಮಂತ್ರ ನಿಂತಿದ್ದರೆ, ಕತ್ತು ಮುಂದಕ್ಕೆ ಬಾಗಿದ್ದರೆ ಅದು ಲಯ. ಆಗ ಮಾನಸ ಜಪ ಬಿಟ್ಟು ತುಟಿ ಅಲುಗುವ ಉಪಾಂಶುವಿಗೆ ಬರಬೇಕು. ಅದಕ್ಕೂ ಬಗ್ಗದಿದ್ದರೆ ಕಣ್ಣು ತೆರೆದು ಗಟ್ಟಿಯಾಗಿ ಒಂದು ಮಾಲೆ. ಮಾನಸಕ್ಕೆ ಸಾವಿರ ಪಟ್ಟು ಫಲ ಎಂದು ಮನುಸ್ಮೃತಿಯಲ್ಲಿ ಇದೆಯೆಂದು ಮೊದಲ ದಿನವೇ ಅಲ್ಲಿಗೆ ಹಾರಿದವರು ತೂಕಡಿಸುವುದೇ ಹೆಚ್ಚು. ರಸಾಸ್ವಾದ ಎಂದರೆ ಸಿಕ್ಕಿದ ಸುಖವನ್ನು ಚಪ್ಪರಿಸುತ್ತಾ ಅಲ್ಲೇ ಕೂರುವುದು. ನಿನ್ನೆಯ ಬೆಳಕು ಇವತ್ತು ಬರಲಿಲ್ಲ ಎಂದು ಬೇಸರ ಆಯಿತೋ, ಅದು ಸುರುವಾಗಿದೆ ಎಂದರ್ಥ.

ಚಂದ್ರಗಿರಿ (ಕಾಸರಗೋಡು):

ಶರೀರದ ಭಾಗ ನಾನು ಬರೆಯುತ್ತೇನೆ. ಮೊದಲೇ ಒಂದು ಮಾತು: ಕಾರಣ ಮೆದುಳಿನಲ್ಲಿ ಸಿಕ್ಕಿದರೆ ಅನುಭವ ಸುಳ್ಳು ಎಂದಾಗುವುದಿಲ್ಲ. ಎದುರಿಗೆ ಹಲಸಿನ ಹಣ್ಣು ಇಟ್ಟು ನೋಡಿದಾಗಲೂ ಮೆದುಳು ಕೆಲಸ ಮಾಡುತ್ತದೆ. ವ್ಯತ್ಯಾಸ ಏನೆಂದರೆ ಹಲಸನ್ನು ಪಕ್ಕದವನೂ ಮುಟ್ಟಿ ನೋಡಬಹುದು. ಜಪದ ಬೆಳಕಿಗೆ ಆ ಸೌಕರ್ಯ ಇಲ್ಲ, ಆದ್ದರಿಂದ ಹೆಚ್ಚು ಎಚ್ಚರ ಬೇಕು.

ಬೆಳಕು. ಜಪಕ್ಕೆ ಮೊದಲು ದೀಪವನ್ನೋ ಟ್ಯೂಬ್‌ಲೈಟನ್ನೋ ನೋಡಿದ್ದರೆ ಮುಚ್ಚಿದ ಕಣ್ಣಲ್ಲಿ ಅದರ ಅಚ್ಚು ಉಳಿಯುತ್ತದೆ, ಬಣ್ಣ ತಿರುಗಿ ಕಾಣುವುದುಂಟು, ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ಮಾಸುತ್ತದೆ. ಪೂರ್ತಿ ಕತ್ತಲಲ್ಲೂ ರೆಟಿನಾ ಮತ್ತು ದೃಷ್ಟಿಯ ನರಗಳು ಸುಮ್ಮನಿರುವುದಿಲ್ಲ, ಬೂದು ನೀಲಿ ಮೋಡದಂಥದ್ದು ತೇಲುತ್ತಲೇ ಇರುತ್ತದೆ. ಪರೀಕ್ಷೆ ಹೀಗೆ: ಕಣ್ಣು ಮುಚ್ಚಿಕೊಂಡೇ ಗುಡ್ಡೆಯನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸಿ. ಬೆಳಕೂ ಜೊತೆಗೆ ತಿರುಗಿದರೆ ಅದು ಕಣ್ಣಿನ ಅಚ್ಚು ಎಂದೇ ಹಿಡಿಯಿರಿ. ಬೆರಳಿನಿಂದ ರೆಪ್ಪೆ ಒತ್ತಬೇಡಿ, ಒತ್ತಿದರೆ ಯಾರಿಗಾದರೂ ಬೆಳಕು ಕಾಣುತ್ತದೆ, ಕಣ್ಣಿಗೆ ಪೆಟ್ಟು ಬೇರೆ. ಅಂಕುಡೊಂಕು ಗೆರೆಯಾಗಿ ಹೊಳೆದು 5 ನಿಮಿಷದಿಂದ ಒಂದು ಗಂಟೆಯೊಳಗೆ ಹೋಗಿ ಆಮೇಲೆ ತಲೆನೋವು ಬಂದರೆ ಮೈಗ್ರೇನ್ ಇರಬಹುದು. ಒಂದೇ ಕಣ್ಣಿನ ಅಂಚಿನಲ್ಲಿ ಮಿಂಚು, ಹೊಸದಾಗಿ ಕಪ್ಪು ಚುಕ್ಕೆಗಳು, ಪರದೆ ಇಳಿದ ಹಾಗೆ ನೆರಳು ಇವು ಕಂಡರೆ ಜಪಮಾಲೆ ಕೆಳಗಿಟ್ಟು ಅದೇ ದಿನ ಕಣ್ಣಿನ ಡಾಕ್ಟರಲ್ಲಿಗೆ ಹೋಗಬೇಕು. ರೆಟಿನಾ ಕಳಚುವ ಲಕ್ಷಣ ಇರಬಹುದು ಅದು, ತಡ ಮಾಡಿದರೆ ದೃಷ್ಟಿ ಹೋಗಬಹುದು.

ನಾದ. ತೀರಾ ನಿಶ್ಶಬ್ದ ಕೋಣೆಯಲ್ಲಿ ಕೂತರೆ ಆರೋಗ್ಯವಾಗಿರುವವರಿಗೂ ಸಣ್ಣ ಗುಂಯ್ ಕೇಳಬಹುದು. ಹಲ್ಲು ಕಚ್ಚಿ, ಕತ್ತು ತಿರುಗಿಸಿ ನೋಡಿ. ಸ್ವರ ಏರಿಳಿದರೆ ಅದು ಕಿವಿ ಮತ್ತು ದವಡೆಯ ನರಗಳ ಸಂಗತಿ. ನಾಡಿಯ ಜೊತೆ ತಾಳ ಹಾಕುವ ಶಬ್ದ, ಒಂದೇ ಕಿವಿಯಲ್ಲಿ ಬಿಡದೆ ಇರುವ ಶಬ್ದ, ಶಬ್ದದ ಜೊತೆ ತಲೆ ತಿರುಗುವುದು ಅಥವಾ ಕಿವಿ ಮಂದವಾಗುವುದು ಇದ್ದರೆ ಕಿವಿ ತೋರಿಸಿ. ಕೆಲವು ಆಂಟಿಬಯಾಟಿಕ್‌ಗಳು, ಹೆಚ್ಚು ಪ್ರಮಾಣದ ಆಸ್ಪಿರಿನ್ ಕೂಡ ಈ ನಾದ ಹುಟ್ಟಿಸುತ್ತವೆ.

ಕೈಕಾಲು ಇಲ್ಲವಾಗುವುದು. ಅಲುಗದೆ ಕೂತರೆ ಚರ್ಮ ಮತ್ತು ಸ್ನಾಯುಗಳಿಂದ ಬರುವ ಸುದ್ದಿ ಕಡಿಮೆಯಾಗುತ್ತದೆ, ಅಂಚು ಕರಗಿದ ಹಾಗೆ ಅನ್ನಿಸುವುದು ಸಹಜ. ಜುಮ್ಮೆನ್ನುವುದು ಬೇರೆ, ಅದು ನರ ಒತ್ತಿದ್ದು. ಕಂಬಳಿ ಮಡಚಿ ಕುಂಡೆಯ ಕೆಳಗೆ 3-4 ಇಂಚು ಎತ್ತರ ಕೊಟ್ಟರೆ ಮಂಡಿ ಕೆಳಗಿಳಿಯುತ್ತದೆ, ಒತ್ತಡ ಕಡಿಮೆ. ಕಾಲು ಮರಗಟ್ಟಿದಾಗ ಎದ್ದು ನಿಂತರೆ ಪಾದ ತಿರುಚಿ ಬೀಳುವ ಅಪಾಯ ಉಂಟು, ಎರಡು ನಿಮಿಷ ಚಾಚಿ ಕೂತು ಏಳಿ. ಬೆರಳ ತುದಿ ಮತ್ತು ತುಟಿಯ ಸುತ್ತ ಜುಮುಜುಮು, ತಲೆ ಹಗುರ ಆದರೆ ಅದು ಅತಿಯಾಗಿ ಉಸಿರಾಡಿದ್ದರಿಂದ. ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದಿರುತ್ತದೆ. ಭಸ್ತ್ರಿಕ (ವೇಗದ ಉಸಿರಿನ ಪ್ರಾಣಾಯಾಮ) ಮಾಡಿ ತಕ್ಷಣ ಜಪಕ್ಕೆ ಕೂರುವವರಲ್ಲಿ ಇದು ಹೆಚ್ಚು. ಅಂಥ ಹೊತ್ತಿನಲ್ಲಿ ಕಂಡದ್ದರ ಮೇಲೆ ಯಾವ ತೀರ್ಮಾನವೂ ಬೇಡ.

ಯಾರೋ ನಿಂತ ಹಾಗೆ ತೋರುವುದು. ನಿದ್ದೆಯ ಹೊಸ್ತಿಲಲ್ಲಿ ಇದು ಬಹಳ ಸಾಮಾನ್ಯ. ಅಂಗಾತ ಮಲಗಿದಾಗ ಮೈ ಅಲುಗಿಸಲಾಗದೆ ಎದೆಯ ಮೇಲೆ ಯಾರೋ ಕೂತ ಹಾಗಾದರೆ ಅದು ನಿದ್ರಾ ಪಾರ್ಶ್ವವಾಯು. ಕೆಲವು ಸೆಕೆಂಡಿನಿಂದ ಒಂದೆರಡು ನಿಮಿಷ ಇದ್ದು ಹೋಗುತ್ತದೆ. ನಿದ್ದೆಗೆಟ್ಟ ವಾರ ಇದು ಜಾಸ್ತಿ. ಆದ್ದರಿಂದ ಏನಾದರೂ ವಿಶೇಷ ಕಂಡ ದಿನ ಮೊದಲು ಕೇಳಿಕೊಳ್ಳಬೇಕಾದ್ದು ‘ನಿನ್ನೆ ಎಷ್ಟು ಗಂಟೆ ನಿದ್ದೆ, ಊಟ ಆಗಿ ಎಷ್ಟು ಹೊತ್ತು’ ಎಂದು. ಊಟವಾಗಿ ಎರಡು ಮೂರು ಗಂಟೆ ಬಿಟ್ಟು ಕೂರುವುದು ಒಳ್ಳೆಯದು.

ಕೂಟ ನಡೆಸುವವರಿಗೆ ಗೊತ್ತಿರಬೇಕಾದ ಅಪಾಯದ ಗುರುತುಗಳು ಕೆಲವು ಇವೆ. ಹೊಟ್ಟೆಯಿಂದ ಏನೋ ಮೇಲೇರಿದ ಹಾಗಾಗಿ, ಇಲ್ಲದ ವಾಸನೆ ಬಂದು, ಅರ್ಧದಿಂದ ಎರಡು ನಿಮಿಷ ಇದ್ದು, ಆಮೇಲೆ ಗೊಂದಲ, ಮತ್ತು ಪ್ರತಿ ಸಲವೂ ಅಚ್ಚೊತ್ತಿದ ಹಾಗೆ ಅದೇ ಕ್ರಮ ಎಂದಾದರೆ ಅಪಸ್ಮಾರದ ಒಂದು ಬಗೆ ಇರಬಹುದು, ನರರೋಗ ತಜ್ಞರು ಇಇಜಿ ಮಾಡಿಸುತ್ತಾರೆ. ಇನ್ನೊಂದು: ಹಲವು ರಾತ್ರಿ ನಿದ್ದೆಯಿಲ್ಲದೆಯೂ ಸುಸ್ತೇ ಇಲ್ಲ, ಮಾತು ನಿಲ್ಲುತ್ತಿಲ್ಲ, ‘ನನಗೆ ಮಾತ್ರ ಆದೇಶ ಬರುತ್ತಿದೆ’ ಎನ್ನುತ್ತಾರೆ, ಧ್ವನಿ ಅಪ್ಪಣೆ ಕೊಡುತ್ತಿದೆ. ಅಂಥವರನ್ನು ಕೂರಿಸಿ ಇನ್ನಷ್ಟು ಜಪ ಮಾಡಿಸುವುದು ದೊಡ್ಡ ತಪ್ಪು. ಜಪ, ಮೌನ, ಉಪವಾಸ ಎಲ್ಲ ನಿಲ್ಲಿಸಿ, ಊಟ ನಿದ್ದೆ ಸರಿಮಾಡಿ, ಮನೋವೈದ್ಯರಲ್ಲಿಗೆ ಜೊತೆಗೆ ಹೋಗಬೇಕು. ನಡೆಯುತ್ತಿರುವ ಮಾತ್ರೆಯನ್ನು ಸಾಧನೆಯ ಹೆಸರಿನಲ್ಲಿ ಬಿಡಿಸುವುದಂತೂ ಕೂಡದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರಲ್ಲಿ ಕೇಳದೆ ನಿರಾಹಾರ ಏಕಾದಶಿ ಮಾಡಿದರೆ ಬೆವರು, ನಡುಕ, ಮಂಪರು ಬರಬಹುದು. ಅದು ಭಾವಾವೇಶ ಅಲ್ಲ, ಸಕ್ಕರೆ ಇಳಿದದ್ದು.

ಸೊನ್ನಲಿಗಿ (ಸೊಲ್ಲಾಪುರ):

ಚಂದ್ರಗಿರಿಯವರು ಭಾಳ ಚಲೋ ಬರದಾರ್ರಿ. ಆದ್ರ ಬೆಳಕು, ನಾದ ಅಂದ್ರ ಬರೇ ಕಣ್ಣು ಕಿವಿ ಅಂತ ಮುಗಿಸಿಬಿಟ್ರ ಒಂದು ಪರಂಪರಾನ ಬಿಟ್ಟಂಗ ಆಗ್ತದ. ಶ್ವೇತಾಶ್ವತರ ಉಪನಿಷತ್ತಿನ ಎರಡನೇ ಅಧ್ಯಾಯದಾಗ ಪಟ್ಟಿನೇ ಅದ: ಮಂಜು, ಹೊಗಿ, ಸೂರ್ಯ, ಗಾಳಿ, ಬೆಂಕಿ, ಮಿಂಚುಹುಳ, ಮಿಂಚು, ಸ್ಫಟಿಕ, ಚಂದ್ರ. ಯೋಗದಾಗ ಬ್ರಹ್ಮದ ಅಭಿವ್ಯಕ್ತಿಗೆ ಮುಂಚೆ ಇವು ಕಾಣ್ತಾವ ಅಂತದ. ‘ಮುಂಚೆ’ ಅನ್ನೂದನ್ನ ಗಟ್ಟಿ ಹಿಡೀರಿ. ಇವೇ ಬ್ರಹ್ಮ ಅಂತ ಉಪನಿಷತ್ತು ಎಲ್ಲೂ ಅಂದಿಲ್ಲ.

ನಮ್ಮ ಗಡಿ ಭಾಗದಾಗ ಇದನ್ನ ಪದ್ಧತಿ ಮಾಡಿ ನಡಿಸಿದವರು ಜತ್ತ ತಾಲೂಕಿನ ಉಮದಿಯ ಭಾವುಸಾಹೇಬ ಮಹಾರಾಜರು (1843-1914). ಗುರು ಕೊಟ್ಟ ನಾಮ, ನೇಮದ ಧ್ಯಾನ, ಹೊತ್ತಿಗೆ ಸರಿಯಾಗಿ ಭಜನಿ. ಅವರ ಶಿಷ್ಯರಾದ ಗುರುದೇವ ರಾನಡೆಯವರು (1886-1957) ಅಲಹಾಬಾದ ವಿಶ್ವವಿದ್ಯಾಲಯದಾಗ ತತ್ತ್ವಶಾಸ್ತ್ರ ಕಲಿಸಿದವರು, ಕಡೀಕ ನಿಂಬಾಳದಾಗ ಇದ್ರು. ಅವರು ಬಣ್ಣ, ರೂಪ, ನಾದದ ಅನುಭವಗಳನ್ನ ಬ್ಯಾರೆ ಬ್ಯಾರೆ ನಾಡಿನ ಸಂತರ ಮಾತಿನ ಜೋಡಿ ಇಟ್ಟು ನೋಡಿದ್ರು. ಅವರ ಪಟ್ಟು ಏನಂದ್ರ, ಒಬ್ಬನಿಗೆ ಆದದ್ದು ಬ್ಯಾರೆ ಕಾಲ, ಬ್ಯಾರೆ ಊರಿನವರಿಗೂ ಆಗಿರಬೇಕು, ಬುದ್ಧಿ ಮಂಕಾಗಬಾರದು, ನಡತಿ ಸುಧಾರಿಸಲೇಬೇಕು. ನಡತಿ ಸುಧಾರಿಸದ ಅನುಭಾವ ಅನುಭಾವನೇ ಅಲ್ಲ. ಮಧುವಾಹಿನಿಯವರ ಭಾಷಾದಾಗ ಹೇಳೂದಾದ್ರ, ಇದಮಂಶ ಎಷ್ಟು ಹೊಳೀತು ಅಂತಲ್ಲ, ಅದಾದ ಮ್ಯಾಲ ಮನುಷ್ಯಾ ಏನಾದ ಅನ್ನೂದು ಪರೀಕ್ಷಾ.

ಇಷ್ಟಲಿಂಗದ ದೃಷ್ಟಿಯೋಗ ಮಾಡೋರಿಗೂ ಇದು ಲಾಗೂ ಆಗ್ತದ. ಎಡಗೈ ಅಂಗೈ ಮ್ಯಾಲ ಲಿಂಗ ಇಟ್ಟು, ಮೊಣಕೈ ದೇಹಕ್ಕ ಆನಿಸಿ, ಎದಿ ಮಟ್ಟಕ್ಕ ಹಿಡೀಬೇಕು. ದೀಪ ಬೆನ್ನ ಹಿಂದ, ಸ್ವಲ್ಪ ಮ್ಯಾಲ ಇರಲಿ, ಅಂದ್ರ ಕಪ್ಪು ಕಂತಿಯ (ಲಿಂಗದ ಹೊರ ಲೇಪದ) ಮ್ಯಾಲ ಬೆಳಕಿನ ಒಂದು ಚುಕ್ಕಿ ಮೂಡ್ತದ. ನೋಟ ಆ ಚುಕ್ಕಿ ಮ್ಯಾಲ. ಹೊಸಬರಿಗೆ 5 ನಿಮಿಷ ಸಾಕು, ನೀರು ಬಂದ್ರ ಮುಚ್ಚಿಬಿಡ್ರಿ, ಹಟ ಬ್ಯಾಡ. ನೋಟ ಅಲುಗದಂಗ ನಿಂತ್ರ ಸುತ್ತಲಿಂದು ಅಂಗೈ ಸೈತ ಮಾಯ ಆಗ್ತದ, ಲಿಂಗದ ಸುತ್ತ ಬೆಳಕಿನ ಬಳಿ ಕಾಣ್ತದ. ಬದಲಾಗದ ಚಿತ್ರನ ಕಣ್ಣು ಕೈಬಿಡ್ತದ, ಗುಡ್ಡಿ ತುಸು ಅಲುಗಿದ್ರ ಎಲ್ಲ ವಾಪಸ್ ಬರ್ತದ. ಇದು ಯಾರಿಗಾದ್ರೂ ಆಗೂ ಸಂಗತಿ. ಇದನ್ನ ‘ಲಿಂಗಾಂಗ ಸಾಮರಸ್ಯ ಆತು’, ಅಂದ್ರ ಲಿಂಗ ಭಕ್ತ ಒಂದಾದ್ರು, ಅಂತ ಹೇಳಿ ಹೊಸಬರನ್ನ ಕುಣಿಸೋರು ಅದಾರ, ಅವರ ಮಾತು ಕಿವಿಗೆ ಹಾಕ್ಕೋಬ್ಯಾಡ್ರಿ. ಅದರ ಉಪಯೋಗ ನೋಟ ನಿಂತದ ಅನ್ನೂದಕ್ಕ ಗುರುತು, ಅಷ್ಟ. ಕಣ್ಣಿನ ಆಪರೇಷನ್ ಆದವರು ಡಾಕ್ಟರ್‌ನ ಕೇಳಿನೇ ಮಾಡ್ರಿ.

ಇನ್ನೊಂದು. ಸೊಲ್ಲಾಪುರದಾಗ ಕೆರಿ ನಡುವ ಸಿದ್ಧರಾಮನ ಗುಡಿ ಎಲ್ಲಾರೂ ನೋಡೀರಿ. ಕೆರಿ ಕಟ್ಟಿಸಿದ, ಗುಡಿ ಕಟ್ಟಿಸಿದ ಆ ದೊಡ್ಡ ಯೋಗಿನ್ನೇ ಅಲ್ಲಮಪ್ರಭು ಬಂದು ತಡವಿದ ಅಂತ ಶೂನ್ಯಸಂಪಾದನೆ ಹೇಳ್ತದ. ಸಿದ್ಧಿ ಇತ್ತು, ಹೆಸರಿತ್ತು, ಜನ ಇದ್ರು; ಅದ್ರಾಗ ಯಾವುದನ್ನೂ ಅಲ್ಲಮ ಪುರಾವೆ ಅಂತ ತಗೊಳ್ಳಲಿಲ್ಲ. ವಚನಕಾರರ ಕಡೆ ನಂಬಿಗಿ ಅದ, ಪರೀಕ್ಷಾನೂ ಅದ, ಮತ್ತ ಪರೀಕ್ಷಾ ಎದುರಾ ಎದುರು ಕೂತು ನಡೀತಿತ್ತು.

ಕಣ್ವತೀರ್ಥ (ಮಂಜೇಶ್ವರ):

ಅದ್ವೈತದ ಕಡೆಯಿಂದ ಮಾತ್ರ ಉತ್ತರ ಬಂದದ್ದು ನೋಡಿ ಸುಮ್ಮನಿರಲು ಆಗಲಿಲ್ಲ. ಕಾಸರಗೋಡಿನ ಕೂಡ್ಲಿನಲ್ಲೇ ಕುಂಬಳೆಯ ಜಯಸಿಂಹ ರಾಜನ ಎದುರು ಮಧ್ವಾಚಾರ್ಯರಿಗೂ ತ್ರಿವಿಕ್ರಮ ಪಂಡಿತರಿಗೂ ದಿನಗಟ್ಟಲೆ ವಾದ ನಡೆದು, ಅದ್ವೈತದಲ್ಲಿ ಪಳಗಿದ ಪಂಡಿತರು ಮಧ್ವಮತ ಒಪ್ಪಿದ್ದು. ಆ ನೆಲದ ಚರ್ಚೆಯಲ್ಲಿ ಸಾಕ್ಷಿಯ, ಎಂದರೆ ಜೀವನ ಸ್ವರೂಪವೇ ಆದ ಒಳಗಿನ ಅರಿವಿನ, ಹೆಸರೇ ಬರದಿದ್ದರೆ ಹೇಗೆ?

ಮಧ್ವರು ಪ್ರಮಾಣ ಮೂರು ಎನ್ನುತ್ತಾರೆ: ಪ್ರತ್ಯಕ್ಷ, ಅನುಮಾನ, ಆಗಮ. ಪ್ರತ್ಯಕ್ಷದಲ್ಲಿ ಹೊರಗಿನ 5 ಇಂದ್ರಿಯ, ಮನಸ್ಸು, ಇವುಗಳ ಮೇಲೆ ಸಾಕ್ಷಿ. ಮನಸ್ಸು ತಪ್ಪಬಹುದು, ಕಣ್ಣು ತಪ್ಪಬಹುದು. ಸಾಕ್ಷಿ ತಪ್ಪುವುದಿಲ್ಲ. ನನಗೆ ಈಗ ಸುಖವಾಗಿದೆಯೋ ದುಃಖವಾಗಿದೆಯೋ ಎಂಬುದರಲ್ಲಿ ಯಾರಿಗೂ ಸಂಶಯ ಬರುವುದಿಲ್ಲ, ಅದು ಸಾಕ್ಷಿಯ ಕೆಲಸ. ಮನಸ್ಸು ತಂದುಕೊಟ್ಟ ಜ್ಞಾನ ಸರಿ ಎಂದು ಕೊನೆಗೆ ನಿಲ್ಲಿಸುವುದೂ ಅದೇ, ಪರೀಕ್ಷೆ ಬೇಕಾದಲ್ಲಿ ಪರೀಕ್ಷೆ ಮಾಡಿಸಿ.

ಇದಕ್ಕಿಂತಲೂ ಪಯಸ್ವಿನಿಯವರಿಗೆ ನೇರ ಉಪಯೋಗಕ್ಕೆ ಬರುವ ಮಾತು ಇನ್ನೊಂದು. ಧ್ಯಾನದಲ್ಲಿ ಕಾಣುವ ರೂಪ ಭಗವಂತನಲ್ಲ, ಅದು ವಾಸನಾಮಯ ಪ್ರತಿಮೆ ಎಂದು ನಮ್ಮ ಸಿದ್ಧಾಂತದಲ್ಲಿ ಸ್ಪಷ್ಟ ಉಂಟು. ಹಿಂದೆ ನೋಡಿದ್ದು, ಕೇಳಿದ್ದು ಎಲ್ಲ ಮನಸ್ಸಿನಲ್ಲಿ ಉಳಿಸಿದ ಸಂಸ್ಕಾರದಿಂದ ಮನಸ್ಸೇ ಕಡೆದ ಮೂರ್ತಿ. ಉಡುಪಿಯ ಕೃಷ್ಣನನ್ನು ನೋಡಿದವನಿಗೆ ಕಡಗೋಲು ಹಿಡಿದವನೇ ಕಾಣುತ್ತಾನೆ, ಗುರುವಾಯೂರಿಗೆ ಹೋದವನಿಗೆ ನಾಲ್ಕು ಕೈಯವನು. ಅದನ್ನು ಇಟ್ಟುಕೊಂಡು ಧ್ಯಾನ ಮಾಡುವುದು ಸರಿಯೇ, ಹೊರಗಿನ ಪ್ರತಿಮೆಯನ್ನು ಪೂಜಿಸಿದ ಹಾಗೆ. ಅಪರೋಕ್ಷಜ್ಞಾನ, ಎಂದರೆ ಭಗವಂತನ ನೇರ ದರ್ಶನ, ಬೇರೆ. ಶ್ರವಣ, ಮನನ, ಧ್ಯಾನ ಪಕ್ವವಾಗಿ, ಭಗವಂತ ತಾನಾಗಿ ತೋರಿಸಿಕೊಂಡಾಗ ಆಗುವಂಥದ್ದು. ಹಾಗಾಗಿ ‘ನನಗೆ ಕೃಷ್ಣ ಕಂಡ’ ಎನ್ನುವವರಿಗೆ ಕೇಳಬೇಕಾದ ಮೊದಲ ಪ್ರಶ್ನೆ: ನಿಮಗೆ ಮೊದಲು ಗೊತ್ತಿಲ್ಲದ್ದು ಏನಾದರೂ ಅದರಲ್ಲಿ ಇತ್ತೇ?

ಮಧುವಾಹಿನಿ (ಮಧೂರು):

ಕಣ್ವತೀರ್ಥರ ಕೊನೆಯ ಪ್ರಶ್ನೆಗೆ ಸಿದ್ಧಾಂತದ ಗಡಿ ಇಲ್ಲ, ಒಪ್ಪಿದೆ. ಸಾಕ್ಷಿಯ ವಿಷಯದಲ್ಲಿ ಒಪ್ಪುವುದಿಲ್ಲ, ಅದಕ್ಕೆ ಬೇರೆ ಎಳೆ ತೆಗೆಯುವ. ಇಲ್ಲಿ ಸುರು ಮಾಡಿದರೆ ಕೂಡ್ಲಿನ ವಾದಕ್ಕಿಂತ ಉದ್ದ ಹೋದೀತು.

ಪಯಸ್ವಿನಿ (ಮುಳ್ಳೇರಿಯ):

ಎಲ್ಲರಿಗೂ ಉಪಕಾರ. ಒಂದು ಸಂಶಯ ಉಳಿಯಿತು. ನಮ್ಮ ಊರುಗಳಲ್ಲಿ ದೈವದ ಮೇಲಿನ ನಂಬಿಕೆ ಜಪಕ್ಕಿಂತ ಹಳೆಯದು. ಕೋಲದಲ್ಲಿ ದೈವ ಮೈಮೇಲೆ ಬಂದು ನುಡಿ ಕೊಡುತ್ತದೆ, ಮನೆತನಗಳ ವ್ಯಾಜ್ಯ ಆ ನುಡಿಯ ಮೇಲೆ ತೀರ್ಮಾನ ಆಗುತ್ತದೆ. ಅಲ್ಲಿ ಈ ಕಾರಣದೋಷ, ಬಾಧ ಎಲ್ಲ ಯಾರು ನೋಡುತ್ತಾರೆ? ಅದು ಪ್ರತ್ಯಕ್ಷವೋ, ನಂಬಿಕೆಯೋ?

ಪೊಸಡಿಗುಂಪೆ (ಪೈವಳಿಕೆ):

ಕೋಲವನ್ನು ಒಬ್ಬನ ಧ್ಯಾನದ ಅನುಭವದ ಜೊತೆ ತೂಗಿದರೆ ತಕ್ಕಡಿ ಸರಿಯಾಗುವುದಿಲ್ಲ. ಅಲ್ಲಿ ಯಾರೂ ‘ದೈವದ ವೇಷ ಕಟ್ಟಿದವನಿಗೆ ಒಳಗೆ ಏನು ಅನ್ನಿಸಿತು’ ಎಂದು ಕೇಳುವ ಕ್ರಮವೇ ಇಲ್ಲ. ನಂಬಿಕೆ ನಿಂತಿರುವುದು ಅವನ ಅನುಭವದ ಮೇಲಲ್ಲ, ಕಟ್ಟುಕಟ್ಟಳೆಯ ಮೇಲೆ.

ಕ್ರಮ ನೋಡಿ. ಎಣ್ಣೆ ಬೂಳ್ಯ (ಎಣ್ಣೆ, ವೀಳ್ಯ) ಕೊಟ್ಟು ಅಪ್ಪಣೆಯಾಗದೆ ಕಟ್ಟುವವನು ಮಿಂದು ಬಣ್ಣಕ್ಕೆ ಕೂರುವಂತಿಲ್ಲ. ಮುಖಕ್ಕೆ ಅರ್ದಳದ ಹಳದಿ ಬಣ್ಣ, ಸೊಂಟಕ್ಕೆ ತೆಂಗಿನ ಎಳೆಗರಿಯ ತಿರಿ, ಪಾಡ್ದನದ ಹಾಡಿನಲ್ಲಿ ದೈವದ ಹುಟ್ಟು ಸಂಚಾರದ ಕಥೆ, ಆಮೇಲೆ ಕಾಲಿಗೆ ಗಗ್ಗರ. ಗಗ್ಗರ ಕಟ್ಟುವ ತನಕ ಅವನ ಮಾತು ಅವನ ಮಾತೇ. ಚಂದ್ರಗಿರಿ ಹೊಳೆಯ ತೆಂಕು ಕಡೆಯ ತೆಯ್ಯದಲ್ಲಿ ತಲೆಗೆ ಮುಡಿ ಏರಿಸಿದ ಮೇಲೆ ಕನ್ನಡಿಯಲ್ಲಿ ಮುಖ ನೋಡುವ ಘಟ್ಟ ಉಂಟು. ಅಲ್ಲಿಂದ ಅವನು ದೈವ. ಕಳಚಿದ ಮೇಲೆ ನುಡಿಯ ಹೊಣೆಯೂ ಇಲ್ಲ, ಹಿರಿಮೆಯೂ ಇಲ್ಲ. ಅಂದರೆ ಅಧಿಕಾರಕ್ಕೆ ಆರಂಭ ಉಂಟು, ಕೊನೆ ಉಂಟು, ಎರಡನ್ನೂ ಊರು ಕಾಣುತ್ತದೆ. ಜಪದಲ್ಲಿ ಬೆಳಕು ಕಂಡವನಿಗೆ ಇಂಥ ಕೊನೆ ಇಲ್ಲದ್ದೇ ತೊಂದರೆ. ಒಮ್ಮೆ ಕಂಡದ್ದರ ಮೇಲೆ ಜೀವಮಾನ ಪೂರ್ತಿ ಅಧಿಕಾರ ನಡೆಸುತ್ತಾನೆ.

ನುಡಿಯೂ ಗುಟ್ಟಿನಲ್ಲಿ ಆಗುವುದಿಲ್ಲ. ಗುತ್ತು ಬಾರಿಕೆಯವರು (ಊರಿನ ಮುಖ್ಯ ಮನೆತನದವರು), ಮನೆಯ ಯಜಮಾನ ಎದುರು ನಿಂತಿರುತ್ತಾರೆ. ಅವರು ಅರಿಕೆ ಮಾಡುತ್ತಾರೆ, ದೈವ ಹೇಳುತ್ತದೆ, ಎಲ್ಲರೂ ಕೇಳುತ್ತಾರೆ. ಹಿಂದಿನ ಕಟ್ಟಳೆಗೆ ಸೇರದ ನುಡಿ ಬಂದರೆ ಹಿರಿಯರು ಅಲ್ಲೇ ಮತ್ತೆ ಅರಿಕೆ ಮಾಡುವುದುಂಟು. ದೊಡ್ಡ ವಿಷಯವಾದರೆ ಜ್ಯೋತಿಷಿಗಳನ್ನು ಕರೆಸಿ ಪ್ರಶ್ನೆ ಇಡುತ್ತಾರೆ, ಅಷ್ಟಮಂಗಲವೂ ಆಗುತ್ತದೆ. ಪ್ರಶ್ನೆ ಕೂಡ ನಂಬಿಕೆಯದೇ ಒಂದು ವಿಧಾನ, ಪ್ರಯೋಗಶಾಲೆಯ ಪುರಾವೆ ಅಲ್ಲ, ಸರಿ. ಆದರೆ ಒಬ್ಬನ ಬಾಯಿಯ ಮಾತು ಅಂತಿಮ ಆಗಬಾರದು ಎಂಬ ಎಚ್ಚರ ಆ ವ್ಯವಸ್ಥೆಯಲ್ಲೇ ಉಂಟು. ಕೆಡುವುದು ಯಾವಾಗ ಎಂದರೆ, ಕೋಲ ನೇಮ ಇಲ್ಲದೆ, ಕಟ್ಟಳೆ ಇಲ್ಲದೆ, ಮನೆಯ ಕೋಣೆಯಲ್ಲಿ ಒಬ್ಬರ ಮೈಮೇಲೆ ಬಂದು, ಒಬ್ಬರಿಗೇ ನುಡಿ ಆಗಿ, ಅದರ ಬೆನ್ನಿಗೆ ಹಣದ ಲೆಕ್ಕ ಬಂದಾಗ. ಅದನ್ನು ದೈವದ ಲೆಕ್ಕಕ್ಕೆ ಬರೆಯಬೇಡಿ.

ಮಧುವಾಹಿನಿ (ಮಧೂರು):

ಪೊಸಡಿಗುಂಪೆಯವರು ಹೇಳಿದ್ದರಿಂದ ನಂಬಿಕೆಯ ಜಾಗ ಯಾವುದು ಎಂಬುದಕ್ಕೂ ಉತ್ತರ ಸಿಗುತ್ತದೆ. ಯೋಗಸೂತ್ರದ ಮೊದಲ ಪಾದದಲ್ಲಿ ಶ್ರದ್ಧೆ, ವೀರ್ಯ, ಸ್ಮೃತಿ, ಸಮಾಧಿ, ಪ್ರಜ್ಞೆ ಎಂದು ಸಾಲಾಗಿ ಬರುತ್ತದೆ. ಶ್ರದ್ಧೆ ಮೊದಲು, ಪ್ರಜ್ಞೆ ಕೊನೆಗೆ. ಕೆಲಸಕ್ಕೆ ಕೈಹಾಕಿಸುವುದು ಶ್ರದ್ಧೆ, ತೀರ್ಪು ಕೊಡುವುದು ಅದರ ಕೆಲಸ ಅಲ್ಲ. ಅದೇ ಪಾದದಲ್ಲಿ 9 ಅಂತರಾಯಗಳನ್ನು ಎಣಿಸುವಾಗ ವ್ಯಾಧಿಯಿಂದ ಸುರು ಮಾಡಿ ಸಂಶಯವನ್ನೂ ಹೇಳುತ್ತಾರೆ, ಭ್ರಾಂತಿದರ್ಶನವನ್ನೂ ಹೇಳುತ್ತಾರೆ. ಬರೀ ಸಂಶಯ ಅಡ್ಡಿ, ತಪ್ಪಾಗಿ ಕಂಡದ್ದನ್ನು ಹಿಡಿದು ಕೂರುವುದೂ ಅಷ್ಟೇ ಅಡ್ಡಿ. ‘ನಂಬಿದರೆ ಸಾಕು’ ಎನ್ನುವವರು ಎರಡನೆಯದನ್ನು ಓದಿರುವುದಿಲ್ಲ, ಇನ್ನೊಂದು ಕಡೆಯವರು ಮೊದಲನೆಯದನ್ನು.

ಮಾಡುವ ಕೆಲಸ ಹೀಗೆ. ಒಂದು ಮಂತ್ರ, ಒಂದು ಹೊತ್ತು, ಒಂದು ಜಾಗ ಆರಿಸಿ, ಮೂರು ತಿಂಗಳು ಬದಲಿಸಬೇಡಿ. ರಾಮಮಂತ್ರ ಒಂದು ಸಲಕ್ಕೆ ಸುಮಾರು 4 ಸೆಕೆಂಡು ಹಿಡಿದರೆ ಒಂದು ಮಾಲೆಗೆ 7 ನಿಮಿಷ ಚಿಲ್ಲರೆ, 6 ಮಾಲೆಗೆ ಮುಕ್ಕಾಲು ಗಂಟೆ. ಮಂತ್ರ ಬದಲಿಸುತ್ತಾ, ಹೊತ್ತು ಬದಲಿಸುತ್ತಾ ಹೋದರೆ ಯಾವುದರಿಂದ ಏನಾಯಿತು ಎಂದು ಯಾರಿಗೂ ಹೇಳಲಾಗದು. ಎದ್ದ ಕೂಡಲೇ, ಯಾರ ಜೊತೆಗೂ ಮಾತಾಡುವ ಮೊದಲು, ನೋಟ್‌ಬುಕ್ಕಿನ ಎಡಪುಟದಲ್ಲಿ ಆದದ್ದನ್ನು ಮಾತ್ರ ಬರೆಯಿರಿ: ಎಷ್ಟು ಹೊತ್ತು, ಯಾವ ಬಣ್ಣ, ಎಡವೋ ಬಲವೋ, ಉಸಿರು ಹೇಗಿತ್ತು, ನಿದ್ದೆ ಎಷ್ಟು, ಊಟ ಯಾವಾಗ. ‘ದೈವಿಕ’, ‘ಅದ್ಭುತ’, ‘ಕುಂಡಲಿನಿ’ ಇಂಥ ಶಬ್ದ ಎಡಪುಟಕ್ಕೆ ಬರಬಾರದು. ಬಲಪುಟ ಬೆಳ್ಳಿಗೆ, ಅಲ್ಲಿ ನಿಮಗೆ ತೋಚಿದ ಅರ್ಥ ಬರೆಯಿರಿ, ಆದರೆ ಪೆನ್ಸಿಲಿನಲ್ಲಿ. ತಿಂಗಳಿಗೊಮ್ಮೆ ಬಲಪುಟ ಓದಿ ಬಾಧ ಆದದ್ದನ್ನು ಅಳಿಸಿ. ಸೊನ್ನಲಿಗಿಯವರು ಹೇಳಿದ ನಡತೆಯ ಪರೀಕ್ಷೆಯನ್ನು ನೀವೇ ಬರೆಯಬೇಡಿ, ನಿಮ್ಮ ಮನೆಯವರು ಬರೆಯಲಿ. ಸಿಟ್ಟು ಕಡಿಮೆಯಾಗಿದೆಯೋ ಇಲ್ಲವೋ ಅವರಿಗೇ ಚೆನ್ನಾಗಿ ಗೊತ್ತು.

ಚಂದ್ರಗಿರಿ (ಕಾಸರಗೋಡು):

ಕೂಟ ನಡೆಸುವವರಿಗೆ ಇದಕ್ಕೆ ಒಂದು ಸೇರಿಸುತ್ತೇನೆ. ಜಪ ಮುಗಿದ ತಕ್ಷಣ ‘ಯಾರಿಗೆ ಏನು ಕಂಡಿತು’ ಎಂದು ಕೇಳುವ ರೂಢಿ ಬಿಡಿಸಿ. ಹಿರಿಯರೊಬ್ಬರು ನೀಲಿ ಬೆಳಕು ಎಂದರೆ ಮುಂದಿನ ವಾರ ಇನ್ನು ಕೆಲವರಿಗೆ ನೀಲಿಯೇ ಕಾಣುತ್ತದೆ. ಯಾರೂ ಸುಳ್ಳು ಹೇಳುತ್ತಿರುವುದಿಲ್ಲ, ನಿರೀಕ್ಷೆಯ ಕೆಲಸ ಅದು. ಮೊದಲು ಎಲ್ಲರೂ ಚೀಟಿಯಲ್ಲಿ ಬರೆದು, ಹೆಸರಿಲ್ಲದೆ ಮಡಚಿ ಒಂದು ಡಬ್ಬಿಗೆ ಹಾಕಲಿ. ತಾರೀಕು ಮಾತ್ರ ಇರಲಿ. ಮೂರು ತಿಂಗಳ ನಂತರ ಒಟ್ಟಿಗೆ ತೆರೆದು ಓದಿ. ಮಾತಾಡಿಕೊಳ್ಳದೆಯೂ ಹಲವರು ಒಂದೇ ಥರ ಬರೆದದ್ದು ಯಾವುದು, ಮಾತು ಹಬ್ಬಿದ ಮೇಲೆ ಹುಟ್ಟಿದ್ದು ಯಾವುದು ಎಂದು ತಾರೀಕು ನೋಡಿದರೆ ಸುಮಾರಾಗಿ ತಿಳಿಯುತ್ತದೆ. ಡಬ್ಬಿಯ ಬೀಗದ ಕೈ ಬೆಳಕು ಕಂಡವರ ಹತ್ತಿರ ಇರುವುದು ಬೇಡ, ಏನೂ ಕಾಣದೆ ಜಪ ಮಾಡುತ್ತಿರುವವರ ಹತ್ತಿರ ಕೊಡಿ.